ಟೆಸ್ಟ್ ಒತ್ತುವ ಕೀ ಬೇರೆ, ಬೆರಳು ಒತ್ತುವ ಕೀ ಬೇರೆ

ಒಂದು ಆ್ಯಪ್‌ನ ಓಟಿಪಿ ಪರದೆಯಲ್ಲಿ ಆರು ಪುಟ್ಟ ಚೌಕಗಳಿದ್ದವು. ಖಾಲಿ ಚೌಕದಲ್ಲಿ ಬ್ಯಾಕ್‌ಸ್ಪೇಸ್ ಒತ್ತಿದರೆ ಕರ್ಸರ್ ಹಿಂದಿನ ಚೌಕಕ್ಕೆ ಹೋಗಬೇಕು. ನಮ್ಮ ಟೆಸ್ಟ್, ಅಂದರೆ ಆ್ಯಪನ್ನು ತಾನೇ ಓಡಿಸಿ ಪರೀಕ್ಷಿಸುವ ಪ್ರೋಗ್ರಾಂ, ಕೀಕೋಡ್ 67 ಕಳಿಸುತ್ತಿತ್ತು, ಆಂಡ್ರಾಯ್ಡ್‌ನಲ್ಲಿ ಬ್ಯಾಕ್‌ಸ್ಪೇಸ್‌ನ ಸಂಖ್ಯೆ ಅದೇ. ಪ್ರತಿ ಸಲವೂ ಪಾಸ್. ಆ್ಯಪ್ ಹೊರಗೆ ಹೋದ ಮೇಲೆ ದೂರು ಬಂತು: ತಪ್ಪು ಅಂಕಿ ಅಳಿಸಲು ಹೋದರೆ ಕರ್ಸರ್ ಅಲ್ಲೇ ನಿಲ್ಲುತ್ತದೆ.

ಟೆಸ್ಟ್ ಕಳಿಸಿದ್ದು ನಿಜವಾದ ಕೀ ಇವೆಂಟ್. ಕೀ ಕೆಳಗೆ ಹೋಯಿತು, ಮೇಲೆ ಬಂತು, ಅಷ್ಟೇ. ವೈರ್ ಹಾಕಿದ ಕೀಬೋರ್ಡ್ ಕೂಡ ಹೀಗೇ ಮಾಡುತ್ತದೆ. ಆದರೆ ಪರದೆಯ ಮೇಲೆ ಮೂಡುವ ಕೀಬೋರ್ಡ್ ಅಂದರೆ ಬೇರೊಂದು ಆ್ಯಪ್ ಅಲ್ವಾ? ಅದು ಇನ್‌ಪುಟ್ ಕನೆಕ್ಷನ್ ಎಂಬ ದಾರಿಯಲ್ಲಿ ‘ಈ ಪಠ್ಯ ಸೇರಿಸು’, ‘ಕರ್ಸರ್ ಹಿಂದಿನ ಒಂದು ಅಕ್ಷರ ತೆಗೆ’ ಎಂದು ಹೇಳುತ್ತದೆ. ಕೀ ಇವೆಂಟ್ ಬರಲೇಬೇಕೆಂದಿಲ್ಲ. ಅದನ್ನು ನಂಬಬೇಡಿ ಎಂದು ಆಂಡ್ರಾಯ್ಡ್‌ನ ಅಧಿಕೃತ ದಾಖಲೆಯೇ ಹೇಳುತ್ತದೆ. ನಮ್ಮ ಕೋಡ್ ಮಾತ್ರ ಕೀ ಲಿಸನರ್ ಇಟ್ಟುಕೊಂಡು ಆ ಕೀ ಇವೆಂಟ್ ಬರಲೆಂದೇ ಕಾಯುತ್ತಿತ್ತು.

ಆರು ಚೌಕಗಳನ್ನು ಚಿತ್ರವಾಗಿ ಬಿಡಿಸಿ, ಹಿಂದೆ ಒಂದೇ ಎಡಿಟ್ ಟೆಕ್ಸ್ಟ್ (ಪಠ್ಯ ಬರೆಯುವ ಜಾಗ) ಇಟ್ಟೆವು. ಪಠ್ಯ ಬದಲಾದಾಗ ಟೆಕ್ಸ್ಟ್ ವಾಚರ್ ಹೇಳುತ್ತದೆ. ಅಕ್ಷರ ಯಾವ ದಾರಿಯಲ್ಲಿ ಬಂತು ಎಂಬ ಚಿಂತೆಯೇ ಇಲ್ಲ. ಓಟಿಪಿ ಪೇಸ್ಟ್ ಮಾಡಿದರೂ ಸರಿಯಾಗಿ ಕೂರುತ್ತದೆ.

ಹಾಗಂತ ಕೀ ಸಿಮ್ಯುಲೇಶನ್ (ಕೀ ಒತ್ತಿದಂತೆ ಇವೆಂಟ್ ಕಳಿಸುವುದು) ಬೇಡ ಎನ್ನುತ್ತಿಲ್ಲ. ಬ್ಯಾಕ್ (4), ವಾಲ್ಯೂಮ್ (24, 25), ಪವರ್ (26) ಇವಕ್ಕೆ ಕಂಪ್ಯೂಟರ್‌ನಿಂದ ಫೋನ್‌ಗೆ ಕೊಡುವ ಆದೇಶ ‘ಎಡಿಬಿ ಶೆಲ್ ಇನ್‌ಪುಟ್ ಕೀಇವೆಂಟ್’ ತುಂಬಾ ಒಳ್ಳೆಯದು. ಟಿವಿ ಆ್ಯಪ್‌ಗಂತೂ ಇದೇ ಸರಿ. ರಿಮೋಟ್‌ನ ಬಾಣದ ಗುಂಡಿಗಳು 19ರಿಂದ 22ರವರೆಗಿನ ಕೀಕೋಡ್‌ಗಳನ್ನೇ ಕಳಿಸುತ್ತವೆ. ಆದರೆ ಸಾಮಾನ್ಯ ಆ್ಯಪ್ ಒಂದು ಹೀಗೆ ಇನ್ನೊಂದು ಆ್ಯಪ್‌ನೊಳಗೆ ಕೀ ಒತ್ತಲಾಗದು, ಸಿಸ್ಟಮ್ ಬಿಡುವುದಿಲ್ಲ. ಬಿಟ್ಟಿದ್ದರೆ ಯಾವುದೋ ಆ್ಯಪ್ ನಮ್ಮ ಪರವಾಗಿ ‘ಸರಿ’ ಒತ್ತಿಬಿಡುತ್ತಿತ್ತು.

ಐಫೋನ್ ಕಡೆ ಒಂದೇ ಎಚ್ಚರಿಕೆ. ಅಲ್ಲಿ ಟೆಸ್ಟ್‌ಗೆ ಸಿಮ್ಯುಲೇಟರ್, ಅಂದರೆ ಕಂಪ್ಯೂಟರ್‌ನಲ್ಲಿ ಓಡುವ ನಕಲಿ ಐಫೋನ್, ಬಳಸಬಹುದು. ಸಿಮ್ಯುಲೇಟರ್‌ಗೆ ಕಂಪ್ಯೂಟರ್‌ನ ಕೀಬೋರ್ಡ್ ಜೋಡಿಸಿದ್ದರೆ ಪರದೆಯ ಕೀಬೋರ್ಡ್ ಮೂಡದೆ ಟೈಪಿಂಗ್ ಟೆಸ್ಟ್‌ಗಳು ಬೀಳಬಹುದು. ಆ ಆಯ್ಕೆಯನ್ನು ಮೊದಲು ತೆಗೆದುಬಿಡಿ.

ಇನ್ನು ಕನ್ನಡ ಪಠ್ಯ. ಎಸ್ಪ್ರೆಸೊ ಅಂದರೆ ಆಂಡ್ರಾಯ್ಡ್ ಟೆಸ್ಟ್ ಬರೆಯುವ ಸಾಧನ, ಟೈಪ್‌ಟೆಕ್ಸ್ಟ್, ರಿಪ್ಲೇಸ್‌ಟೆಕ್ಸ್ಟ್ ಅದರ ಆದೇಶಗಳು. ಎಸ್ಪ್ರೆಸೊದ ಟೈಪ್‌ಟೆಕ್ಸ್ಟ್‌ಗೆ ‘ಅಕ್ಷರ’ ಎಂದು ಕೊಟ್ಟು ನೋಡಿ, ಟೆಸ್ಟ್ ಬೀಳುತ್ತದೆ. ಅದು ಪ್ರತಿ ಅಕ್ಷರಕ್ಕೂ ಒಂದು ಕೀ ಹುಡುಕುತ್ತದೆ, ನಮ್ಮ ಲಿಪಿಗೆ ಅದು ಸಿಗುವುದಿಲ್ಲ. ರಿಪ್ಲೇಸ್‌ಟೆಕ್ಸ್ಟ್ ಬಳಸಿದರೆ ಪಾಸ್ ಆಗುತ್ತದೆ, ಆದರೆ ಅದು ಪಠ್ಯವನ್ನು ಸುಮ್ನೆ ತಂದು ಇಡುತ್ತದೆ, ಕೀಬೋರ್ಡನ್ನು ಮುಟ್ಟುವುದೇ ಇಲ್ಲ. ಅದಕ್ಕೇ ನಾನು ಬಿಡುಗಡೆಗೆ ಮುಂಚೆ ನಿಜವಾದ ಫೋನ್‌ನಲ್ಲಿ, ಎರಡು ಬೇರೆ ಕೀಬೋರ್ಡ್‌ಗಳಲ್ಲಿ, ಕೈಯಾರೆ ‘ಕ್ಷ’ ಬರೆದು ಅಳಿಸುತ್ತೇನೆ. ಕಣ್ಣಿಗೆ ಅದು ಒಂದು ಅಕ್ಷರ, ಒಳಗೆ ಮೂರು ಸಂಕೇತ. ಹೆಸರಿನ ಜಾಗಕ್ಕೆ ಹತ್ತು ಅಕ್ಷರದ ಮಿತಿ ಹಾಕಿದ್ದರೆ, ಅದು ಎಣಿಸುವುದು ಈ ಸಂಕೇತಗಳನ್ನೇ, ಹಾಗಾಗಿ ‘ಕ್ಷ’ ಮೂರು ಸಲ ಮಾತ್ರ ಹಿಡಿಸುತ್ತದೆ.