ಮೊದಲು ಕೈ ನೋಡಿ, ಆಮೇಲೆ ಮುಖ: ಐರ್ಲೆಂಡಿನ ಕಲಾವಿದೆಯರ ಸೆಲ್ಫ್ ಪೋರ್ಟ್ರೇಟ್

ಹೆಲೆನ್ ಮೇಬಲ್ ಟ್ರೆವರ್ ತನ್ನನ್ನೇ ಬರೆದುಕೊಂಡ ಚಿತ್ರದಿಂದ ಶುರು ಮಾಡೋಣ. 1890ರ ದಶಕದ ತೈಲಚಿತ್ರ, ಈಗ ಡಬ್ಲಿನ್‌ನ ನ್ಯಾಷನಲ್ ಗ್ಯಾಲರಿಯಲ್ಲಿದೆ. ತಲೆ ಮೇಲೆ ಕಪ್ಪು ಟೊಪ್ಪಿ, ಮೈಮೇಲೆ ಬಣ್ಣದ ಕೆಲಸಕ್ಕೆಂದೇ ಹಾಕುವ ಸಡಿಲ ಅಂಗಿ, ಕೈಯಲ್ಲಿ ಪ್ಯಾಲೆಟ್ಟು (ಬಣ್ಣ ಕಲಸುವ ಹಲಗೆ), ಕುಂಚ. ಆಗ ಅವರಿಗೆ ಅರವತ್ತರ ಆಸುಪಾಸು, ಅದನ್ನು ಮುಚ್ಚಿಡುವ ಗೋಜಿಗೇ ಹೋಗಿಲ್ಲ. ನನಗೆ ತುಂಬಾ ಇಷ್ಟವಾಗುವುದು ಇದೇ.

ಅಂಗಿ, ಪ್ಯಾಲೆಟ್ಟು ಯಾಕೆ ಮುಖ್ಯ? ಆ ಕಾಲದಲ್ಲಿ ಅನುಕೂಲಸ್ಥರ ಮನೆಯ ಹೆಣ್ಣುಮಕ್ಕಳು ಚಿತ್ರ ಬರೆಯುವುದು ಹೊಸದೇನಲ್ಲ, ಹೊಲಿಗೆ, ಸಂಗೀತದ ಹಾಗೆ ಅದೂ ಒಂದು ಹವ್ಯಾಸ ಅಂತ ಎಲ್ಲರೂ ಒಪ್ಪಿಕೊಂಡಿದ್ದರು. ಒಳ್ಳೆಯ ಉಡುಪು ಬಿಟ್ಟು ಕೆಲಸದ ಬಟ್ಟೆಯಲ್ಲಿ ನಿಂತರೆ, ಇದು ನನ್ನ ಕಸುಬು ಅಂತ ಹೇಳಿದ ಹಾಗೆ, ಅಲ್ವಾ?

ಆ ಕಸುಬು ಕಲಿಯಲು ಅವರು ಪಟ್ಟ ಪಾಡು ನೋಡಿ. 1831ರಲ್ಲಿ ಕೌಂಟಿ ಡೌನ್‌ನಲ್ಲಿ ಹುಟ್ಟಿದವರು, ಲಂಡನ್ನಿನ ರಾಯಲ್ ಅಕಾಡೆಮಿ ಕಲಾಶಾಲೆಗೆ ಸೇರಿದಾಗ ನಲವತ್ತು ದಾಟಿತ್ತು. ಆಮೇಲೆ ಪ್ಯಾರಿಸ್‌ಗೆ ಹೋಗಿ ಭಾವಚಿತ್ರಕಾರ ಕರೊಲಸ್ ಡ್ಯುರಾನ್ ಹತ್ತಿರ ಕಲಿತರು. ಹೆಸರಾಂತ ಭಾವಚಿತ್ರಕಾರ ಜಾನ್ ಸಿಂಗರ್ ಸಾರ್ಜೆಂಟ್‌ಗೂ ಡ್ಯುರಾನ್ ಅವರೇ ಗುರು. ಜಾಸ್ತಿ ಗೆರೆ ಎಳೆದು ಕೂರಬೇಡಿ, ಬೆಳಕು ನೆರಳಿನ ನಡುವಿನ ಛಾಯೆ ಹಿಡಿದು ನೇರವಾಗಿ ಬಣ್ಣದಲ್ಲೇ ಮುಖ ಕಟ್ಟಿ ಅನ್ನುವುದು ಅವರ ಪಾಠ. ಊರಲ್ಲೇ ಕಲಿಯೋಣ ಅಂದರೆ, ಐರ್ಲೆಂಡಿನ ಕಲಾಸಂಸ್ಥೆಯಾದ ಡಬ್ಲಿನ್‌ನ ರಾಯಲ್ ಹೈಬರ್ನಿಯನ್ ಅಕಾಡೆಮಿಯ ಶಾಲೆ ಹೆಣ್ಣುಮಕ್ಕಳನ್ನು ಸೇರಿಸಿಕೊಂಡಿದ್ದೇ 1893ರಲ್ಲಿ. ಅಷ್ಟು ಹೊತ್ತಿಗೆ ಟ್ರೆವರ್‌ಗೆ ವಯಸ್ಸು ಅರವತ್ತು ದಾಟಿತ್ತು.

ಇನ್ನೊಂದು ವಿಷಯ, ಕನ್ನಡಿಯದ್ದು. ಸೆಲ್ಫ್ ಪೋರ್ಟ್ರೇಟ್‌ನಲ್ಲಿ ಕಣ್ಣು ನಮ್ಮನ್ನೇ ದಿಟ್ಟಿಸಿದಂತೆ ಕಾಣುತ್ತದೆ. ನಿಜವಾಗಿ ಕಲಾವಿದೆ ನೋಡುತ್ತಿರುವುದು ಕನ್ನಡಿಯಲ್ಲಿರುವ ತನ್ನನ್ನೇ, ಅಳತೆ ಹಿಡಿಯುವ ನೋಟ ಅದು. ಕನ್ನಡಿಯಲ್ಲಿ ಎಡ ಬಲ ಅದಲುಬದಲಾಗುವುದರಿಂದ ಬಲಗೈಯವರು ಕಂಡದ್ದನ್ನು ಕಂಡ ಹಾಗೆ ಬರೆದರೆ ಕುಂಚ ಎಡಗೈಗೆ ಬಂದುಬಿಡುತ್ತದೆ. ಕೆಲವರು ಹಾಗೇ ಬಿಟ್ಟರು, ಕೆಲವರು ತಿದ್ದಿಕೊಂಡರು. ಚಿತ್ರ ನೋಡುವಾಗ ಕೈ ಕಡೆ ಮೊದಲು ಕಣ್ಣು ಹಾಯಿಸಿ ಅನ್ನುವುದು ಇದಕ್ಕೂ ಸೇರಿಸಿಯೇ. ತನ್ನನ್ನೇ ಬರೆದುಕೊಳ್ಳುವುದರಲ್ಲಿ ಅನುಕೂಲವೂ ಇದೆ: ಮಾಡೆಲ್‌ಗೆ ದುಡ್ಡು ಕೊಡಬೇಕಿಲ್ಲ, ಎಷ್ಟು ಹೊತ್ತು ಬೇಕಾದರೂ ಕೂರಿಸಬಹುದು.

ಸಾರಾ ಸೆಸಿಲಿಯಾ ಹ್ಯಾರಿಸನ್ ಕೂಡ ತನ್ನನ್ನು ಬರೆದುಕೊಂಡವರು. ಲಂಡನ್ನಿನ ಸ್ಲೇಡ್ ಕಲಾಶಾಲೆಯಲ್ಲಿ ಆಲ್ಫೋನ್ಸ್ ಲೆಗ್ರೋ ಕೈಕೆಳಗೆ ಕಲಿತು ಬಂದು, 1912ರಲ್ಲಿ ಡಬ್ಲಿನ್ ನಗರಸಭೆಗೆ ಆಯ್ಕೆಯಾದ ಮೊದಲ ಹೆಣ್ಣುಮಗಳು ಇವರೇ.

ಸಾರಾ ಪರ್ಸರ್ ಅವರ ಹೆಸರನ್ನೂ ಬರೆದಿಟ್ಟುಕೊಳ್ಳಿ. 1873ರಲ್ಲಿ ಅಪ್ಪನ ವ್ಯಾಪಾರ ಮುಳುಗಿತು, ಹೊಟ್ಟೆಪಾಡಿಗೆ ಚಿತ್ರಕಲೆ ಹಿಡಿದರು. ಪ್ಯಾರಿಸ್‌ನ ಅಕಾಡೆಮಿ ಜೂಲಿಯನ್ ಎಂಬ ಕಲಾಶಾಲೆಯಲ್ಲಿ ಕಲಿತು ಬಂದು ದೊಡ್ಡಮನೆಯವರ ಭಾವಚಿತ್ರ ಬರೆದೇ ಬದುಕು ಕಟ್ಟಿಕೊಂಡರು. ಹೈಬರ್ನಿಯನ್ ಅಕಾಡೆಮಿ ಹುಟ್ಟಿದ್ದು 1823ರಲ್ಲಿ. ಮೊದಲ ಬಾರಿಗೆ ಒಬ್ಬ ಹೆಣ್ಣುಮಗಳನ್ನು, ಅಂದರೆ ಪರ್ಸರ್ ಅವರನ್ನು, ಪೂರ್ಣ ಸದಸ್ಯೆ ಮಾಡಿದ್ದು 1924ರಲ್ಲಿ. ಆಗ ಅವರಿಗೆ 76 ವರ್ಷ. ಟ್ರೆವರ್ ಪ್ಯಾರಿಸ್‌ನಲ್ಲಿ ತೀರಿಕೊಂಡು 24 ವರ್ಷ ಆಗಿತ್ತು.