ಬೆಲೆ ಇಳಿಸುವ ಮುನ್ನ ಖರೀದಿ ಬಿಲ್ಲು ನೋಡಿ

ಊರ ಹೊರವಲಯದಲ್ಲಿ ದೊಡ್ಡ ರಿಯಾಯಿತಿ ಮಳಿಗೆಯೊಂದು ಬಾಗಿಲು ತೆರೆದ ಕೆಲವು ತಿಂಗಳಿಗೆಲ್ಲ ಸುತ್ತಮುತ್ತಲ ಬಡಾವಣೆಗಳ ಕಿರಾಣಿ ವ್ಯಾಪಾರಿಗಳು ನನ್ನ ಕಚೇರಿಗೆ ಬರತೊಡಗುತ್ತಾರೆ. ದಾವಣಗೆರೆಯಲ್ಲಿ ಲೆಕ್ಕಪತ್ರ ಮತ್ತು ತೆರಿಗೆಯ ಕೆಲಸ ಮಾಡಿಕೊಂಡಿರುವ ನನಗೆ ಅವರು ಆಡಲಿರುವ ಮಾತು ಹೆಚ್ಚುಕಡಿಮೆ ಮೊದಲೇ ಗೊತ್ತಿರುತ್ತದೆ. ‘ಅವರು ಕೊಡೋ ರೇಟಿಗೇ ನಾನೂ ಕೊಡ್ತಿದೀನಿ ಸಾರ್. ಮಾರ್ಜಿನ್ ಕಡಿಮೆ ಆದ್ರೂ ವ್ಯಾಪಾರ ಜಾಸ್ತಿ ಆಗುತ್ತಲ್ಲ, ಅಲ್ಲಿಗಲ್ಲಿಗೆ ಸರಿಹೋಗುತ್ತೆ.’ ಸರಿಹೋಗುವುದಿಲ್ಲ. ಇದನ್ನು ನಾನು ಎಷ್ಟು ಸಲ ಹೇಳಿದರೂ, ಕಾಗದದ ಮೇಲೆ ಬರೆದು ತೋರಿಸಿದರೂ, ತಲೆದೂಗಿ ಎದ್ದುಹೋದವರು ಮರುದಿನವೇ ಅಂಗಡಿಯ ಮುಂದೆ ರಿಯಾಯಿತಿಯ ಬೋರ್ಡು ತೂಗುಹಾಕುತ್ತಾರೆ. ಆದ್ದರಿಂದ ಈ ಒಂದೇ ವಿಷಯವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ನೂರು ರೂಪಾಯಿ ಎಂಆರ್‌ಪಿಯ ಒಂದು ವಸ್ತು ನಿಮಗೆ ವಿತರಕರಿಂದ 90 ರೂಪಾಯಿಗೆ ಬರುತ್ತದೆ ಎಂದಿಟ್ಟುಕೊಳ್ಳಿ. ಕಂಪನಿಯ ಸಿದ್ಧ ಪ್ಯಾಕೆಟ್ಟುಗಳಲ್ಲಿ ಸಣ್ಣ ಅಂಗಡಿಗೆ ದೊರೆಯುವ ಮಾರ್ಜಿನ್ ಸುಮಾರಾಗಿ ಇಷ್ಟೇ ಇರುತ್ತದೆ. ಕೆಲವದರಲ್ಲಿ ಒಂದೆರಡು ರೂಪಾಯಿ ಹೆಚ್ಚು, ಕೆಲವದರಲ್ಲಿ ಕಡಿಮೆ. ಪೂರ್ತಿ ಬೆಲೆಗೆ ಮಾರಿದರೆ ನಿಮ್ಮ ಪಾಲಿಗೆ ಉಳಿಯುವುದು 10 ರೂಪಾಯಿ. ಅದನ್ನೇ 95ಕ್ಕೆ ಮಾರಿದರೆ ಗಿರಾಕಿಯ ಕಣ್ಣಿಗೆ ನೀವು ಶೇ. 5ರಷ್ಟು ಇಳಿಸಿದ್ದೀರಿ, ಆದರೆ ನಿಮ್ಮ ಲೆಕ್ಕದಲ್ಲಿ ಇಳಿದಿರುವುದು ಶೇ. 50. ಮೊದಲು ದೊರೆಯುತ್ತಿದ್ದ ಅದೇ 10 ರೂಪಾಯಿ ಕಾಣಲು ಈಗ ಎರಡು ಮಾರಬೇಕು. 94ಕ್ಕೆ ಇಳಿಸಿದರೆ ಎರಡೂವರೆ ಪಟ್ಟು ಮಾರಬೇಕು. ಮಳಿಗೆಯವರ ಹಬ್ಬದ ದರಕ್ಕೆ ಸಮ ಮಾಡಲು ಹೋಗಿ 92ಕ್ಕೆ ಕೊಟ್ಟರೆ ಐದು ಪಟ್ಟು ಮಾರಬೇಕು. ಇಷ್ಟೆಲ್ಲ ಮಾಡಿದ ಮೇಲೂ ನೀವು ನಿಂತಿರುವುದು ಮೊದಲಿದ್ದ ಜಾಗದಲ್ಲೇ. ಒಂದು ರೂಪಾಯಿಯೂ ಹೆಚ್ಚಾಗಿರುವುದಿಲ್ಲ. ಅಗ್ಗವಾಯಿತೆಂದು ಯಾರ ಮನೆಯಲ್ಲೂ ದಿನಕ್ಕೆ ನಾಲ್ಕು ಸಲ ಹಲ್ಲುಜ್ಜುವುದಿಲ್ಲ, ಎರಡು ಪಟ್ಟು ಸೋಪು ಸವೆಸುವುದಿಲ್ಲ. ಒಂದು ಬೀದಿಯಲ್ಲಿರುವ ಮನೆಗಳೆಷ್ಟೋ ಅಷ್ಟೇ. ಮಾರಾಟ ಎರಡು ಪಟ್ಟಾಗಬೇಕೆಂದರೆ ಪಕ್ಕದ ಬೀದಿಯ ಅಂಗಡಿಯವನ ಗಿರಾಕಿಗಳೆಲ್ಲ ನಿಮ್ಮಲ್ಲಿಗೆ ಬರಬೇಕು, ಅವನೂ ನಿಮ್ಮ ಹಾಗೆಯೇ ಬೋರ್ಡು ಹಾಕಿ ಕುಳಿತಿರುತ್ತಾನೆ.

ಇದನ್ನು ಒಂದು ವಸ್ತುವಿನಿಂದ ಇಡೀ ಅಂಗಡಿಗೆ ವಿಸ್ತರಿಸಿ ನೋಡೋಣ. ತಿಂಗಳಿಗೆ 3,00,000 ರೂಪಾಯಿ ಮಾರಾಟ, ಸರಾಸರಿ ಮಾರ್ಜಿನ್ ಶೇ. 10, ಅಂದರೆ 30,000 ರೂಪಾಯಿ. ಬಾಡಿಗೆ 7,000, ಕರೆಂಟು 1,500, ಸಹಾಯಕ್ಕಿರುವ ಹುಡುಗನ ಸಂಬಳ 8,000, ಆಟೋ ಬಾಡಿಗೆ, ಕೈಚೀಲ, ಇಲಿ ತಿಂದದ್ದು, ಅವಧಿ ಮೀರಿದ್ದು ಎಲ್ಲ ಸೇರಿ 2,500. ಒಟ್ಟು ಖರ್ಚು 19,000 ಹೋಗಿ 11,000 ಉಳಿಯುತ್ತದೆ. (ಸ್ವಂತ ಮಳಿಗೆಯಿದ್ದವರು ಬಾಡಿಗೆಯ ಸಾಲನ್ನು ಹೊಡೆದುಹಾಕುತ್ತಾರೆ, ಹಾಗೆ ಮಾಡಬಾರದು, ಬೇರೆಯವರಿಗೆ ಕೊಟ್ಟಿದ್ದರೆ ಬರುತ್ತಿದ್ದ ಬಾಡಿಗೆಯನ್ನು ಹಿಡಿದೇ ಲೆಕ್ಕ ಹಾಕಬೇಕು.) ಈಗ ಎಲ್ಲದರ ಬೆಲೆಯನ್ನೂ ಶೇ. 5 ಇಳಿಸಿ, ಅದರಿಂದ ಮಾಲು ಶೇ. 25ರಷ್ಟು ಹೆಚ್ಚು ಹೋಯಿತು ಎಂದುಕೊಳ್ಳಿ. ನನ್ನ ಅನುಭವದಲ್ಲಿ ಅಷ್ಟು ಏರುವುದೇ ಅಪರೂಪ. ಮಾರಾಟ 3,56,250ಕ್ಕೆ ಏರುತ್ತದೆ, ಗಲ್ಲಾ ತುಂಬಿದಂತೆ ಕಾಣುತ್ತದೆ, ಹುಡುಗನಿಗೆ ಬಿಡುವಿರುವುದಿಲ್ಲ. ಆದರೆ ಮಾರ್ಜಿನ್ 18,750. ಖರ್ಚು ಅದೇ 19,000. ಮುಂಜಾನೆ ಆರಕ್ಕೆ ಶಟರ್ ಎತ್ತಿ ರಾತ್ರಿ ಹತ್ತಕ್ಕೆ ಇಳಿಸುವ ಮನುಷ್ಯ, ಅವನ ಜೊತೆ ಕೌಂಟರಿನಲ್ಲಿ ಕೂರುವ ಹೆಂಡತಿ, ಇಬ್ಬರ ದುಡಿಮೆಗೂ ಏನೂ ಸಿಗದೆ, ತಿಂಗಳಿಗೆ 250 ರೂಪಾಯಿ ಕೈಯಿಂದ ಹೋಗುತ್ತದೆ.

ಇಲ್ಲಿಗೂ ಮುಗಿಯಲಿಲ್ಲ. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು. ಮೊದಲು ಈ ಅಂಗಡಿಯ ವಹಿವಾಟು 36 ಲಕ್ಷವಿತ್ತು. ಬೆಲೆ ಇಳಿಸಿದ ಮೇಲೆ 42,75,000 ಆಯಿತು. ಮಿತಿ ಗುರುತಿಸುವುದು ವಹಿವಾಟಿನಿಂದ, ಲಾಭದಿಂದಲ್ಲ. ತೆರಿಗೆ ಪದಾರ್ಥಗಳನ್ನೂ ಮಾರುವ ಅಂಗಡಿಯಲ್ಲಿ ತೆರಿಗೆಯಿಲ್ಲದ ಬಿಡಿ ಅಕ್ಕಿ, ಜೋಳ, ತರಕಾರಿಯ ಮಾರಾಟವೂ ಆ ಮಿತಿಯ ಲೆಕ್ಕಕ್ಕೆ ಸೇರುತ್ತದೆ. ನೋಂದಣಿಯಾಗಿ, ಸಣ್ಣ ವ್ಯಾಪಾರಿಗಳಿಗೆಂದೇ ಇರುವ ಸರಳ ತೆರಿಗೆಯ ಕಾಂಪೊಸಿಷನ್ ಯೋಜನೆಗೆ ಹೋದರೂ ತೆರಿಗೆಗೆ ಒಳಪಟ್ಟ ಮಾರಾಟದ ಮೇಲೆ ಶೇ. 1 ಕಟ್ಟಬೇಕು, ಅದನ್ನು ಗಿರಾಕಿಯಿಂದ ಬೇರೆಯಾಗಿ ವಸೂಲು ಮಾಡುವಂತಿಲ್ಲ. ಮಾರಾಟದ ಮೂರರಲ್ಲಿ ಎರಡು ಪಾಲು ತೆರಿಗೆಗೆ ಒಳಪಟ್ಟ ಮಾಲಿನದ್ದೆಂದರೆ ತಿಂಗಳಿಗೆ 2,375 ರೂಪಾಯಿ. 250ರ ನಷ್ಟ 2,625 ಆಯಿತು. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣದ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿದಾಗ ಉಂಟಾದ ಗಾಬರಿಯನ್ನು ಯಾರೂ ಮರೆತಿಲ್ಲ. ಆಗ ನನ್ನ ಬಳಿ ಬಂದವರಲ್ಲಿ ಕೆಲವರು ನಿಜವಾಗಿ ಬೆಳೆದು ಮಿತಿ ದಾಟಿದವರಾಗಿರಲಿಲ್ಲ, ಬೆಲೆ ಇಳಿಸಿ ಇಳಿಸಿ ದಾಟಿದವರಾಗಿದ್ದರು. ಪ್ರತಿ ಅಂಗಡಿಯ ಮಾಲಿನ ಮಿಶ್ರಣ ಬೇರೆ, ನಿಯಮಗಳೂ ಬದಲಾಗುತ್ತಿರುತ್ತವೆ. ನಿಮ್ಮ ಸ್ಥಿತಿಯನ್ನು ನಿಮ್ಮ ಲೆಕ್ಕಿಗರಿಗೆ ಪುಸ್ತಕ ತೋರಿಸಿಯೇ ಕೇಳಿಕೊಳ್ಳಬೇಕು.

ನಿಟುವಳ್ಳಿ ಕಡೆಯ ಒಬ್ಬ ವ್ಯಾಪಾರಿ ಮಾರ್ಚಿ ತಿಂಗಳಲ್ಲಿ ಬಂದು ಹೇಳಿದ ಮಾತು ನನಗೆ ಇಂದಿಗೂ ಸಂಕಟ ತರುತ್ತದೆ. ‘ವ್ಯಾಪಾರ ಚೆನ್ನಾಗೈತಿ ಸಾರ್, ರೊಕ್ಕ ಎಲ್ಲಿ ಹೋಗ್ತೈತಿ ಅಂತ ಗೊತ್ತಾಗ್ತಿಲ್ಲ.’ ಅವರ ಪುಸ್ತಕ ತೆರೆದು ನೋಡಿದರೆ ವಿತರಕರಿಗೆ ಕೊಡಬೇಕಾದ ಬಾಕಿ ಹಿಂದಿನ ವರ್ಷದ ಎರಡರಷ್ಟಾಗಿತ್ತು, ಅಂಗಡಿಯಲ್ಲಿದ್ದ ಮಾಲು ಅರ್ಧಕ್ಕಿಳಿದಿತ್ತು, ಪಿಗ್ಮಿ ಕಟ್ಟುವುದನ್ನು ದೀಪಾವಳಿಗೇ ನಿಲ್ಲಿಸಿದ್ದರು. ಹಣ ಎಲ್ಲಿಯೂ ಹೋಗಿರಲಿಲ್ಲ, ಅವರು ತಮ್ಮ ಬಂಡವಾಳವನ್ನೇ ಐದೈದು ರೂಪಾಯಿಯಂತೆ ಬೀದಿಯ ಜನರಿಗೆ ಹಂಚಿದ್ದರು. ಒಳ್ಳೆಯ ಮನುಷ್ಯ, ಒಂದು ಪೈಸೆಯ ದುಶ್ಚಟವಿಲ್ಲ. ಇಂಥವರು ಕಷ್ಟಕ್ಕೆ ಸಿಕ್ಕಿಕೊಳ್ಳುವುದನ್ನು ನೋಡಿದಾಗ ನನಗೆ ಕೋಪ ಬರುವುದೂ ಉಂಟು.

‘ಹಾಗಾದರೆ ಮಳಿಗೆಯವರಿಗೆ ಹೇಗೆ ಸಾಧ್ಯ?’ ಎಂದು ಎಲ್ಲರೂ ಕೇಳುತ್ತಾರೆ. ದೇಶದ ದೊಡ್ಡ ರಿಯಾಯಿತಿ ಮಳಿಗೆಗಳ ಸರಣಿಗಳಲ್ಲೊಂದಾದ ಡಿಮಾರ್ಟ್ 2002ರಲ್ಲಿ ಮುಂಬೈನಲ್ಲಿ ಶುರುವಾಗಿ, 2017ರಲ್ಲಿ ಷೇರುಪೇಟೆಗೆ ಬಂದ ಕಂಪನಿಯದು. ಷೇರುಪೇಟೆಯಲ್ಲಿರುವುದರಿಂದ ಅದರ ಲೆಕ್ಕಪತ್ರ ಯಾರು ಬೇಕಾದರೂ ಓದಬಹುದು. ಓದಿದವರಿಗೆ ಆಶ್ಚರ್ಯವಾಗುವ ಸಂಗತಿಯೆಂದರೆ, ಅದರ ಒಟ್ಟು ಮಾರ್ಜಿನ್ ಶೇ. 15ರ ಆಸುಪಾಸಿನಲ್ಲಿದೆ, ಅಂದರೆ ನಾನು ಮೇಲೆ ಹೇಳಿದ ಕಿರಾಣಿ ಅಂಗಡಿಗಿಂತ ಹೆಚ್ಚು. ಅವರು ಕಡಿಮೆ ಬೆಲೆಗೆ ಮಾರಿಯೂ ಹೆಚ್ಚು ಉಳಿಸಿಕೊಳ್ಳುತ್ತಾರೆ, ಏಕೆಂದರೆ ಕಂಪನಿಗಳಿಂದ ಲೋಡುಗಟ್ಟಲೆ ನೇರವಾಗಿ ಕೊಂಡು ಬಹುಬೇಗ ಹಣ ಪಾವತಿಸಿ ಖರೀದಿಯಲ್ಲೇ ಗೆದ್ದಿರುತ್ತಾರೆ. ಬಹುಪಾಲು ಕಟ್ಟಡಗಳು ಅವರ ಸ್ವಂತದವು. ಮಾರಾಟದ ಐದನೆಯ ಒಂದು ಭಾಗಕ್ಕೂ ಹೆಚ್ಚು ಬಕೀಟು, ಪಾತ್ರೆ, ಹಾಸಿಗೆ ಹೊದಿಕೆ, ಬಟ್ಟೆಬರೆಗಳಿಂದ ಬರುತ್ತದೆ, ಅವುಗಳಲ್ಲಿ ಮಾರ್ಜಿನ್ ದೊಡ್ಡದು. ಸಕ್ಕರೆ ಮತ್ತು ಸೋಪಿನ ಪುಡಿಯಲ್ಲಿ ಬಿಟ್ಟುಕೊಟ್ಟದ್ದನ್ನು ಅವರು ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿಕೊಳ್ಳುತ್ತಾರೆ. ನಿಮ್ಮ ಹತ್ತಡಿ ಅಂಗಡಿಯಲ್ಲಿ ತುಂಬಿಕೊಳ್ಳಲು ಅಂಥ ಸಾಮಾನಿಲ್ಲ. ಇದರ ಪೆಟ್ಟು ಮೊದಲು ಬೀಳುವುದು ಕಿರಾಣಿಯವರಿಗಿಂತ ಪಾತ್ರೆ, ಪ್ಲಾಸ್ಟಿಕ್ ಮತ್ತು ಸ್ಟೇಷನರಿ ಅಂಗಡಿಗಳಿಗೆ ಎಂಬುದನ್ನು ಯಾರೂ ಅಷ್ಟಾಗಿ ಗಮನಿಸಿಲ್ಲ.

ಕೆಲವರು ಮಳಿಗೆಯ ಬಿಲ್ಲನ್ನೂ ವಿತರಕರ ಬಿಲ್ಲನ್ನೂ ಜೊತೆಗಿಟ್ಟು ತೋರಿಸುತ್ತಾರೆ: ಗಿರಾಕಿಗೆ ಅಲ್ಲಿ ಸಿಗುವ ಬೆಲೆ ಇವರ ಖರೀದಿ ಬೆಲೆಗಿಂತ ಕಡಿಮೆ. ಈ ದೂರು ನ್ಯಾಯವಾದದ್ದು. 2021ರ ಕೊನೆಯಲ್ಲಿ ವಿತರಕರ ಅಖಿಲ ಭಾರತ ಒಕ್ಕೂಟವೇ ಅಂಗಡಿಗಳಿಗೆ ನೇರವಾಗಿ ಮಾಲು ಪೂರೈಸುವ ಸಗಟು ಆ್ಯಪ್‌ಗಳಿಗೆ ಕೊಡುವ ದರದ ವ್ಯತ್ಯಾಸದ ವಿರುದ್ಧ ದೊಡ್ಡ ಕಂಪನಿಗಳ ಜೊತೆ ಜಗಳಕ್ಕಿಳಿದಿತ್ತು. ಆದರೆ ಅನ್ಯಾಯದ ದರಕ್ಕೆ ಸಮನಾಗಿ ನೀವು ನಷ್ಟದಲ್ಲಿ ಮಾರಿದರೆ ನ್ಯಾಯ ಸಿಗುವುದಿಲ್ಲ. ಅಂಥ ನಾಲ್ಕು ವಸ್ತುಗಳನ್ನು ಕಡಿಮೆ ಇಟ್ಟುಕೊಳ್ಳುವುದು, ಇಲ್ಲವೇ ಎಂಆರ್‌ಪಿಗೇ ಮಾರುವುದು ಲೇಸು. ರಾತ್ರಿ ಒಂಬತ್ತಕ್ಕೆ ಒಂದು ಸೋಪಿಗಾಗಿ ಊರಾಚೆಗೆ ಗಾಡಿ ಓಡಿಸಿಕೊಂಡು ಹೋಗುವವರು ಕಡಿಮೆ.

ಮಳಿಗೆಗಳಿಂದ ಊರಿಗೆ ಕೇಡೇ ಆಗಿದೆ ಎಂದು ನಾನು ಹೇಳಲಾರೆ. ತಿಂಗಳ ಸಂಬಳ ಬರುವ ಕುಟುಂಬಕ್ಕೆ ಅಲ್ಲಿ ನಿಜವಾದ ಉಳಿತಾಯವಿದೆ, ನಮ್ಮ ಹುಡುಗಿಯರು ಅನೇಕರಿಗೆ ಅಲ್ಲಿ ಕೆಲಸ ಸಿಕ್ಕಿದೆ. ನನ್ನನ್ನು ಕಾಡುವುದು ಬೇರೆಯೇ ಒಂದು ಬದಲಾವಣೆ. ಮೊದಲ ವಾರದ ನಗದು ವ್ಯಾಪಾರ ಮಳಿಗೆಗೆ ಹೋಗುತ್ತದೆ, ಇಪ್ಪತ್ತನೆಯ ತಾರೀಖಿನ ನಂತರದ ಉದ್ರಿ ವ್ಯಾಪಾರ ಬೀದಿಯ ಅಂಗಡಿಗೆ ಉಳಿಯುತ್ತದೆ. ಮೊದಲು ಈ ಎರಡೂ ಒಂದೇ ಅಂಗಡಿಯಲ್ಲಿದ್ದವು, ನಗದಿನವರ ಮಾರ್ಜಿನ್ನು ಉದ್ರಿಯವರ ಭಾರ ಹೊರುತ್ತಿತ್ತು. 90 ರೂಪಾಯಿಯ ಮಾಲನ್ನು ಉದ್ರಿ ಕೊಟ್ಟು, ಆ ಬಂಡವಾಳಕ್ಕೆ ನೂರಕ್ಕೆ ಎರಡು ರೂಪಾಯಿ ಬಡ್ಡಿಯಲ್ಲಿ ಸಾಲ ತಂದಿದ್ದರೆ, ತಿಂಗಳಿಗೆ ತಗಲುವ ವೆಚ್ಚ 1 ರೂಪಾಯಿ 80 ಪೈಸೆ. ಹತ್ತು ರೂಪಾಯಿ ಮಾರ್ಜಿನ್ನಿನಲ್ಲಿ ಇದನ್ನು ತಾಳಿಕೊಳ್ಳಬಹುದು. ಮಾರ್ಜಿನ್ನನ್ನು ಐದಕ್ಕೆ ಇಳಿಸಿದವರಲ್ಲಿ ಎರಡು ತಿಂಗಳು ಬಾಕಿ ನಿಂತರೆ 3 ರೂಪಾಯಿ 60 ಪೈಸೆ ಬಡ್ಡಿಗೇ ಹೋಯಿತು. ಬೆಲೆ ಇಳಿಸಿದವರು ಮೊದಲು ನಿಲ್ಲಿಸುವುದು ಉದ್ರಿಯನ್ನು. ದುಗ್ಗಮ್ಮನ ಜಾತ್ರೆಗೆ ಮನೆ ತುಂಬ ನೆಂಟರು ಬಂದಾಗ, ಮಂಡಕ್ಕಿ ಭಟ್ಟಿಯ ಕೂಲಿಯವರಿಗೆ, ಹಮಾಲರಿಗೆ, ಅಕ್ಕಿ ಬೇಳೆ ಎಣ್ಣೆಯನ್ನು ಮುಖ ನೋಡಿ ಬರೆದುಕೊಂಡು ಕೊಡುವವರು ಈ ಅಂಗಡಿಯವರೇ. ಯಾವ ಬಿಲ್ಲಿಂಗ್ ಕೌಂಟರಿನಲ್ಲೂ ಆ ಸೌಲಭ್ಯವಿಲ್ಲ. ಅಂಗಡಿ ಮುಚ್ಚಿದರೆ ಈ ಜನ ಮುಂದೆ ಹೋಗುವುದು ಮೀಟರ್ ಬಡ್ಡಿಯವರ ಬಾಗಿಲಿಗೆ.

ಆದ್ದರಿಂದ ನನ್ನ ಸಲಹೆ ಇಷ್ಟು, ಅದೂ ಪುಸ್ತಕ ನೋಡದೆ ಕೊಡುವ ಸಾಮಾನ್ಯ ಸಲಹೆ. ಜನರು ದರ ನೆನಪಿಟ್ಟುಕೊಳ್ಳುವುದು ಸಕ್ಕರೆ, ಎಣ್ಣೆ, ತೊಗರಿಬೇಳೆ, ಬಟ್ಟೆ ಸೋಪಿನಂಥ ಬೆರಳೆಣಿಕೆಯ ಸಾಮಾನುಗಳದ್ದು. ಇಳಿಸಲೇಬೇಕೆಂದರೆ ಅವುಗಳಲ್ಲಿ ಮಾತ್ರ ಸ್ವಲ್ಪ ಇಳಿಸಿ, ತಿಂಗಳಿಗೆ ಎಷ್ಟು ಬಿಟ್ಟುಕೊಡುತ್ತೀರೆಂದು ಮೊದಲೇ ಬರೆದಿಟ್ಟುಕೊಳ್ಳಿ. ಐದು ಹತ್ತು ರೂಪಾಯಿಯ ಪ್ಯಾಕೆಟ್ಟು, ಒಂದೆರಡು ರೂಪಾಯಿಯ ಶಾಂಪೂ, ಬಿಡಿ ಮೊಟ್ಟೆ, ಮಂಡಕ್ಕಿ, ಅರ್ಧ ಕಾಯಿ, ಮನೆಯಲ್ಲಿ ಕುಟ್ಟಿದ ಖಾರದ ಪುಡಿ, ಶೇಂಗಾ ಚಟ್ನಿಪುಡಿ, ಇವುಗಳಿಗೆ ಯಾರೂ ರಿಯಾಯಿತಿ ಕೇಳುವುದಿಲ್ಲ, ಕೇಳದವರಿಗೆ ಕೊಡಬೇಡಿ. ಉದ್ರಿ ಪುಸ್ತಕಕ್ಕೆ ಒಂದು ಮೇಲ್ಮಿತಿ ಹಾಕಿ, ಆದರೆ ಹಳೆಯ ಪ್ರಾಮಾಣಿಕ ಮನೆಗಳಿಗೆ ಪುಸ್ತಕ ಮುಚ್ಚಬೇಡಿ.

ನನ್ನ ಬಳಿ ಬರುವುದಾದರೆ ಬೋರ್ಡು ಬರೆಸುವ ಮೊದಲು ಬನ್ನಿ. ಬ್ಯಾಂಕಿನ ಸ್ಟೇಟ್‌ಮೆಂಟ್ ಒಂದನ್ನೇ ತರಬೇಡಿ, ಅದರಲ್ಲಿ ಕಾಣುವುದು ವಹಿವಾಟು ಮಾತ್ರ. ಮೂರು ತಿಂಗಳ ಖರೀದಿ ಬಿಲ್ಲುಗಳು, ಉದ್ರಿ ಪುಸ್ತಕ, ವಿತರಕರ ಬಾಕಿಯ ಪಟ್ಟಿ ಮತ್ತು ಒಂದು ದಿನ ಅಂಗಡಿ ಮುಚ್ಚಿ ಎಣಿಸಿದ ಮಾಲಿನ ಲೆಕ್ಕ, ಇವು ನಾಲ್ಕು ಸಾಕು.