ನಾಟಿ ಮೆಕ್ಕೆಜೋಳದ ಬೀಜ ಮನೆಯಲ್ಲೇ ಇಟ್ಟುಕೊಂಡರೆ ತಳಿ ಕೆಡುತ್ತದಾ?

ಪ್ರಶ್ನೆ: ನಾಟಿ ಮೆಕ್ಕೆಜೋಳದ ಒಂದೆರಡು ತೆನೆ ಸಿಕ್ಕಿವೆ. ಸುತ್ತಮುತ್ತ ಎಲ್ಲರದ್ದೂ ಹೈಬ್ರಿಡ್. ನಾನೇ ಬೀಜ ಮಾಡಿಕೊಂಡರೆ ತಳಿ ಕೆಟ್ಟುಹೋಗುತ್ತದಾ?

ಉತ್ತರ: ಬೀಜ ಇಟ್ಟುಕೊಳ್ಳುವುದರಿಂದ ಕೆಡುವುದಿಲ್ಲ. ಆರಿಸದೆ ಇಟ್ಟುಕೊಂಡರೆ ಕೆಡುತ್ತದೆ.

ರಾಗಿ, ಭತ್ತ ಬಹುಪಾಲು ತಮ್ಮ ಹೂವಿನ ಪರಾಗದಿಂದಲೇ ಕಾಳು ಕಟ್ಟುತ್ತವೆ. ಮೆಕ್ಕೆಜೋಳ ಹಾಗಲ್ಲ. ಗಂಡು ಹೂವು ತುದಿಯ ಸೂಲಂಗಿಯಲ್ಲಿ, ಹೆಣ್ಣು ಹೂವು ಕೆಳಗಿನ ತೆನೆಯಲ್ಲಿ. ತೆನೆಯ ಒಂದೊಂದು ಕೂದಲೆಳೆಗೂ ಒಂದೊಂದು ಕಾಳು. ಪರಾಗ ತರುವುದು ಗಾಳಿ, ಅದು ಯಾರ ಹೊಲದಿಂದಲಾದರೂ ಬರಬಹುದು. ಹಾಗಾಗಿ ಪಕ್ಕದ ಬೆಳೆಯಿಂದ ಕನಿಷ್ಠ 200 ಮೀಟರ್ ದೂರ ಬೇಕು. ಅಷ್ಟು ಜಾಗ ಎಲ್ಲರಿಗೂ ಇರೋದಿಲ್ಲ ಅಲ್ವಾ? ಆಗ ಬಿತ್ತನೆಯನ್ನು ಮೂರ್ನಾಲ್ಕು ವಾರ ಹಿಂದೆ ಮುಂದೆ ಮಾಡಿ. ಎರಡೂ ಹೊಲ ಒಟ್ಟಿಗೆ ಹೂ ಬಿಡುವುದಿಲ್ಲ. ನಿಮ್ಮದು ಬಿಳಿ ಕಾಳಿನ ತಳಿಯಾದರೆ ಬೆರಕೆ ಕಣ್ಣಿಗೇ ಕಾಣುತ್ತದೆ. ನಡುನಡುವೆ ಬಂದ ಹಳದಿ ಕಾಳನ್ನು ಬೀಜಕ್ಕೆ ಬಿಡಬೇಡಿ.

ಸ್ವಲ್ಪ ಬೆರಕೆಯಾಯಿತು ಅಂತ ಕೈಬಿಡಬೇಕಾಗಿಲ್ಲ. ಮೆಕ್ಸಿಕೊದ ಕುಸಲಾಪಾ ಎಂಬ ಊರಿನಲ್ಲಿ ರೈತರು ಹೊರಗಿನ ಬೀಜವನ್ನೂ ತಂದು ಬಿತ್ತುತ್ತಾರೆ. ಅಕ್ಕಪಕ್ಕದ ಹೊಲಗಳ ಪರಾಗ ಬೆರೆಯುತ್ತಲೇ ಇರುತ್ತದೆ. ಆದರೂ ಅಲ್ಲಿನ ತಳಿಗಳ ತೆನೆ, ಕಾಳಿನ ಗುರುತು ಉಳಿದಿದೆ. ಪ್ರತಿ ಬೆಳೆಯಲ್ಲೂ ತಮ್ಮ ತಳಿಯಂತಿರುವ ತೆನೆಯನ್ನೇ ಅವರು ಬೀಜಕ್ಕೆ ಆರಿಸುವುದರಿಂದ ಇದು ಸಾಧ್ಯವಾಗಿದೆ. ಕಾಡುಹುಲ್ಲೊಂದನ್ನು ಸುಮಾರು 9000 ವರ್ಷಗಳ ಹಿಂದೆ ಮೆಕ್ಕೆಜೋಳವಾಗಿಸಲು ಶುರು ಮಾಡಿದ್ದೂ ಮೆಕ್ಸಿಕೊದ ಬೆಳೆಗಾರರೇ. ಅದೇ ದೇಶದ ಒಹಾಕಾ ರಾಜ್ಯದ ಮಿಹೆ ಬೆಟ್ಟಗಳ ಒಂದು ನಾಟಿ ತಳಿಯ ಕಾಂಡದಿಂದ ಬೇರುಗಳು ಇಳಿದು ಲೋಳೆ ಸುರಿಸುತ್ತವೆ. ಅದರಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಗಿಡದ ಸಾರಜನಕದಲ್ಲಿ ಶೇಕಡಾ 29ರಿಂದ 82ರಷ್ಟು ಹೀಗೇ ಸಿಗುತ್ತದೆ ಎಂದು 2018ರಲ್ಲಿ ವಿಜ್ಞಾನಿಗಳು ತೋರಿಸಿದರು. ಅಲ್ಲಿನ ರೈತರು ಆ ತಳಿಯನ್ನು ಕೈಬಿಟ್ಟಿದ್ದರೆ ಈ ಗುಣ ನಮಗೆ ಗೊತ್ತೇ ಆಗುತ್ತಿರಲಿಲ್ಲ.

ನನಗೆ ಹೆಚ್ಚು ಚಿಂತೆ ನಿಮ್ಮ ‘ಒಂದೆರಡು ತೆನೆ’ಯದ್ದು. ಮೆಕ್ಕೆಜೋಳಕ್ಕೆ ಒಳಸಂಬಂಧ ಒಗ್ಗುವುದಿಲ್ಲ. ಕೆಲವೇ ಗಿಡಗಳಿಂದ ಬೀಜ ತೆಗೆಯುತ್ತಾ ಹೋದರೆ ಗಿಡ ಗಿಡ್ಡವಾಗುತ್ತದೆ, ತೆನೆ ಸಣ್ಣದಾಗುತ್ತದೆ. ಅದೇ ತಳಿ ಬೆಳೆಯುವ ಬೇರೆ ಮನೆಗಳಿಂದಲೂ ತೆನೆ ಕೇಳಿ ತನ್ನಿ. ಮುಂದೆ ನೂರು ತೆನೆಗೆ ಕಡಿಮೆಯಿಲ್ಲದಂತೆ ಬೀಜಕ್ಕೆ ಇಡಿ. ಪ್ರತಿ ತೆನೆಯಿಂದಲೂ ಅಷ್ಟಷ್ಟೇ ಕಾಳು ತೆಗೆಯಿರಿ.

ರಾಶಿಯಿಂದ ದಪ್ಪ ತೆನೆ ಎತ್ತಿಟ್ಟರೆ ಸಾಲದು. ಬದುವಿನ ಗಿಡಕ್ಕೆ ಬಿಸಿಲು, ಗೊಬ್ಬರ ಜಾಸ್ತಿ, ಅಲ್ಲಿ ಯಾವ ತೆನೆಯೂ ದಪ್ಪವೇ. ಕಟಾವಿಗೆ ಮುಂಚೆ ಹೊಲದ ನಡುವೆ ನಡೆಯಿರಿ. ಬೀಳದ, ರೋಗವಿಲ್ಲದ, ಒತ್ತೊತ್ತಾಗಿರುವ ಗಿಡಗಳ ನಡುವೆಯೂ ಚೆನ್ನಾಗಿ ಕಾಳು ಕಟ್ಟಿದ ಗಿಡಕ್ಕೆ ದಾರ ಕಟ್ಟಿ. ನಿಮ್ಮ ಮಣ್ಣಿಗೆ, ಮಳೆಗೆ ಒಗ್ಗುವ ತಳಿ ಹುಟ್ಟುವುದು ಇಲ್ಲೇ.

ಅಂಗಡಿಯ ಹೈಬ್ರಿಡ್‌ಗೆ ಇದು ಹೊಂದುವುದಿಲ್ಲ. ಅದರ ಬೀಜ ಮತ್ತೆ ಬಿತ್ತಿದರೆ ಗಿಡಗಳು ಒಂದೇ ಸಮ ಇರುವುದಿಲ್ಲ, ಇಳುವರಿಯೂ ಇಳಿಯುತ್ತದೆ. ನಾಟಿ ಬೀಜವನ್ನು ಉಳಿಸಲು, ಹಂಚಲು, ಬ್ರ್ಯಾಂಡ್ ಹಾಕದೆ ಮಾರಲು 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಕಾಯ್ದೆಯಲ್ಲಿ ನಿಮಗೆ ಹಕ್ಕಿದೆ. ಸಾಕಷ್ಟು ಬೀಜ ಆದ ಮೇಲೆ ಊರಿನ ಇನ್ನೊಂದೆರಡು ಮನೆಗೂ ಕೊಡಿ. ಒಂದು ವರ್ಷ ನಿಮ್ಮ ಬೆಳೆ ಹೋದರೂ ತಳಿ ಅವರ ಹೊಲದಲ್ಲಿರುತ್ತದೆ.